ಒಂದೇ ಮೋಟಾರು, ಹಲವು ವೇಗ



ಸಿಕಂದರಾಬಾದ್ ಸ್ಟೇಷನ್ನಿನಿಂದ ರೈಲು ಹೊರಡುವುದನ್ನು ನೀವು ಎಷ್ಟೋ ಸಲ ನೋಡಿದ್ದೀರಿ. ಇಲ್ಲಿನ ಲಾಲಾಗೂಡ ಶೆಡ್ಡಿನ ಡಬ್ಲ್ಯುಎಪಿ-7 ಎಂಜಿನ್ನಿನ ಚಕ್ರಗಳನ್ನು ತಿರುಗಿಸುವುದು ತಲಾ 850 ಕಿಲೋವಾಟಿನ ಆರು ಇಂಡಕ್ಷನ್ ಮೋಟಾರುಗಳು. ಹಿಟ್ಟಿನ ಗಿರಣಿಯಲ್ಲಿ ಸದಾ ಒಂದೇ ವೇಗದಲ್ಲಿ ತಿರುಗುವ ಮೋಟಾರಿನ ಜಾತಿಯವೇ ಇವು! ಹಾಗಾದರೆ ಇವುಗಳ ವೇಗ ಬದಲಾಗುವುದು ಹೇಗೆ?

ಲೆಕ್ಕ ಸುಲಭ. 120ನ್ನು ವಿದ್ಯುತ್ತಿನ ಫ್ರೀಕ್ವೆನ್ಸಿಯಿಂದ ಗುಣಿಸಿ, ಮೋಟಾರಿನ ಕಾಂತಧ್ರುವಗಳ ಸಂಖ್ಯೆಯಿಂದ ಭಾಗಿಸಿ. ನಮ್ಮ 50 ಹರ್ಟ್ಸ್ ವಿದ್ಯುತ್ತಿನಲ್ಲಿ ನಾಲ್ಕು ಧ್ರುವಗಳಿದ್ದರೆ ಕಾಂತಕ್ಷೇತ್ರ ನಿಮಿಷಕ್ಕೆ 1500 ಸುತ್ತು ಸುತ್ತುತ್ತದೆ; ಎಂಟಿದ್ದರೆ 750. ರೋಟರ್ ಇದಕ್ಕಿಂತ ತುಸು ಹಿಂದೆ ಬೀಳುತ್ತದೆ. ಅಂದರೆ ವೇಗ ಬದಲಿಸಲು ಎರಡು ದಾರಿ: ಧ್ರುವ ಬದಲಿಸಿ, ಇಲ್ಲವೇ ಫ್ರೀಕ್ವೆನ್ಸಿ ಬದಲಿಸಿ.

ಮೊದಲ ದಾರಿ ಹಳೆಯದು. ಸ್ವೀಡನ್ನಿನ ಆಸಿಯಾ ಕಂಪನಿಯ ರಾಬರ್ಟ್ ಡಾಲಾಂಡರ್ 1897ರಲ್ಲೇ ಒಂದು ಉಪಾಯ ಕಂಡುಹಿಡಿದರು. ಅರ್ಧದಷ್ಟು ಸುರುಳಿಗಳಲ್ಲಿ ಕರೆಂಟಿನ ದಿಕ್ಕನ್ನು ತಿರುಗಿಸಿದರೆ ನಾಲ್ಕು ಧ್ರುವ ಎಂಟಾಗುತ್ತದೆ. ವೈಂಡಿಂಗ್ ಒಂದೇ, ವೇಗ ಎರಡು! ಆದರೆ ಇದರಲ್ಲಿ ವೇಗ ಅರ್ಧಕ್ಕಿಳಿಯುತ್ತದೆ, ಅಷ್ಟೇ. ಮಹಡಿ ಹತ್ತಿರವಾದಾಗ ಕಾಲುಭಾಗದ ವೇಗ ಬೇಕಾದ ಹಳೆಯ ಲಿಫ್ಟುಗಳಿಗೆ ಎರಡು ಬೇರೆ ವೈಂಡಿಂಗ್ ಹಾಕುತ್ತಿದ್ದರು. ಹೀಗಾಗಿ ಮೋಟಾರು ದೊಡ್ಡದಾಗುತ್ತಿತ್ತು.

ಎರಡನೆಯ ದಾರಿ ರೈಲಿನದು. ಮೇಲಿನ ತಂತಿಯ 25,000 ವೋಲ್ಟ್ ವಿದ್ಯುತ್ತನ್ನು ಎಂಜಿನ್ನಿನೊಳಗೇ ಬೇಕಾದ ಫ್ರೀಕ್ವೆನ್ಸಿಯ ತ್ರೀ-ಫೇಸ್ ವಿದ್ಯುತ್ತಾಗಿ ಪರಿವರ್ತಿಸುತ್ತಾರೆ. ವೇಗ ಮೆಟ್ಟಿಲು ಮೆಟ್ಟಿಲಾಗಿ ಅಲ್ಲ, ಇಳಿಜಾರಿನಂತೆ ಸರಾಗವಾಗಿ ಬದಲಾಗುತ್ತದೆ. ಈ ಬಗೆಯ ಎಂಜಿನ್ನುಗಳಿಗಾಗಿ ನಮ್ಮ ರೈಲ್ವೆ 1993ರಲ್ಲಿ ಒಪ್ಪಂದ ಮಾಡಿಕೊಂಡದ್ದು ಎಬಿಬಿ ಕಂಪನಿಯೊಡನೆ. ಡಾಲಾಂಡರರ ಆಸಿಯಾ 1988ರಲ್ಲಿ ವಿಲೀನಗೊಂಡು ಹುಟ್ಟಿದ್ದೇ ಈ ಎಬಿಬಿ!

ವಿನ್ಯಾಸಕಾರ ಮೊದಲು ಕೇಳಬೇಕಾದ ಪ್ರಶ್ನೆ ಒಂದೇ: ಈ ಮೋಟಾರು ಹೊರುವ ಹೊರೆ ಎಂಥದು? ಫ್ಯಾನಿನ ವೇಗ ಅರ್ಧವಾದರೆ ಅದಕ್ಕೆ ಬೇಕಾದ ಶಕ್ತಿ ಎಂಟನೇ ಒಂದಕ್ಕೆ ಇಳಿಯುತ್ತದೆ. ಲಿಫ್ಟು ಹಾಗಲ್ಲ; ನಿಧಾನವಾದರೂ ಭಾರ ಅಷ್ಟೇ. ಆಗ ಮೋಟಾರಿನ ಬೆನ್ನಿಗಿರುವ, ಅದನ್ನು ತಂಪಾಗಿಡುವ ಫ್ಯಾನೂ ನಿಧಾನವಾಗಿ, ಬಿಸಿ ಏರಿ ವೈಂಡಿಂಗ್ ಸುಟ್ಟೀತು. ರೈಲಿನ ಮೋಟಾರುಗಳಿಗೆ ಪ್ರತ್ಯೇಕ ಬ್ಲೋವರ್ ಇರುವುದು ಇದಕ್ಕೇ. ಸೂತ್ರ ಬಾಯಿಪಾಠ ಮಾಡಿದರೆ ಸಾಲದು, ಹೊರೆಯನ್ನೂ ಅರಿಯಬೇಕು.

ಮುಂದಿನ ಸಲ ಕಾಲೇಜಿನ ಲ್ಯಾಬಿನಲ್ಲಿ ಮೋಟಾರಿನ ನೇಮ್‌ಪ್ಲೇಟ್ ಓದಿ. 1440 ಎಂದಿದ್ದರೆ ಧ್ರುವಗಳೆಷ್ಟು? ಉತ್ತರವನ್ನು ಮನೆಯಲ್ಲಿ ಅಜ್ಜಿಗೆ ಕನ್ನಡದಲ್ಲೇ ವಿವರಿಸಿ. ಅವರಿಗೆ ಅರ್ಥವಾದರೆ ನಿಮಗೂ ಅರ್ಥವಾಗಿದೆ ಎಂದೇ ತಿಳಿಯಿರಿ.