ಎದುರು ತಂಡದ ಸೋದರಳಿಯ

ಆಟ ನೋಡುವ ಗೀಳನ್ನು ಹಚ್ಚಿಕೊಂಡವರ ಮನಸ್ಸಿನಲ್ಲಿ ಒಬ್ಬ ಆಟಗಾರನಿಗೆ ಯಾವಾಗಲೂ ವಿಚಿತ್ರವಾದ ಸ್ಥಾನವೊಂದಿರುತ್ತದೆ. ಅವನು ನಮ್ಮ ತಂಡದವನಲ್ಲ, ಎದುರು ತಂಡದವನು. ಅಲ್ಲಿರುವವರಲ್ಲೆಲ್ಲ ಮೇಲಾದವನು. ಅವನ ಕೋಲಿಗೆ ಚೆಂಡು ಸಿಕ್ಕಿದೊಡನೆಯೇ ನಮ್ಮ ಎದೆ ಬಡಿದುಕೊಳ್ಳತೊಡಗುತ್ತದೆ. ಎಡವಲಿ, ಚೆಂಡು ತಪ್ಪಲಿ ಎಂದು ಮನಸ್ಸು ಹಾರೈಸುತ್ತದೆ. ಎಡವದೆ, ತಪ್ಪದೆ, ನಮ್ಮ ಮೂವರನ್ನು ಒಬ್ಬರ ಹಿಂದೆ ಒಬ್ಬರಂತೆ ದಾಟಿಕೊಂಡು ಅವನು ಮುಂದೆ ಹೋದಾಗ ‘ಭಲೆ!’ ಎಂಬ ಮಾತು ಗಂಟಲಿನವರೆಗೆ ಬಂದುಬಿಡುತ್ತದೆ. ಅದನ್ನು ನುಂಗಿಕೊಂಡು ಪಕ್ಕದವರ ಮುಖ ನೋಡುತ್ತೇವೆ. ಅವರೂ ಏನನ್ನೋ ನುಂಗಿಕೊಳ್ಳುತ್ತಿರುತ್ತಾರೆ.

ನನ್ನ ಬಲ್ಯಪ್ಪ, ಎಂದರೆ ದೊಡ್ಡಪ್ಪ, ತೀರಿಕೊಂಡ ಮೇಲೆ ಅವರ ಮರದ ಪೆಟ್ಟಿಗೆಯನ್ನು ನಾವು ತೆರೆದೆವು. ತೋಟದ ಕಾಗದ ಪತ್ರಗಳ ಅಡಿಯಲ್ಲಿ ಒಂದು ಲಕೋಟೆ. ಅದರೊಳಗೆ ಪತ್ರಿಕೆಯಿಂದ ಕತ್ತರಿಸಿಟ್ಟ ಎರಡು ಚಿತ್ರಗಳಿದ್ದುವು. ಒಂದು, 1980ರಲ್ಲಿ ಮಾಸ್ಕೋದಲ್ಲಿ ಚಿನ್ನ ಗೆದ್ದ ತಂಡದಲ್ಲಿದ್ದ ನಮ್ಮ ಮನೆಯಪಂಡ ಸೋಮಯ್ಯನವರದು. ಇನ್ನೊಂದು, ಪಾಕಿಸ್ತಾನದ ಹಸನ್ ಸರ್ದಾರನದು! 1982ರ ಡಿಸೆಂಬರ್ 1ರಂದು ದೆಹಲಿಯ ಏಷ್ಯನ್ ಕ್ರೀಡಾಕೂಟದ ಅಂತಿಮ ಪಂದ್ಯದಲ್ಲಿ ಪಾಕಿಸ್ತಾನ ನಮ್ಮನ್ನು 7-1ರಿಂದ ಸೋಲಿಸಿತಷ್ಟೆ. ಆ ರಾತ್ರಿ ಬಲ್ಯಪ್ಪ ರೇಡಿಯೋ ಆರಿಸಿ, ಊಟವನ್ನೂ ಬಿಟ್ಟು ಮಲಗಿದ್ದರು. ಅಂದಿನಿಂದ ಆ ಸೆಂಟರ್ ಫಾರ್ವರ್ಡನ ಹೆಸರನ್ನು ಮನೆಯಲ್ಲಿ ಯಾರೂ ಎತ್ತಕೂಡದೆಂದು ಕಟ್ಟಪ್ಪಣೆಯಾಗಿತ್ತು. ಅದೇ ವರ್ಷದ ಜನವರಿಯಲ್ಲಿ ಮುಂಬಯಿಯಲ್ಲಿ ಮುಗಿದ ವಿಶ್ವಕಪ್ಪಿನಲ್ಲಿ 11 ಗೋಲು ಹೊಡೆದು ಶ್ರೇಷ್ಠ ಆಟಗಾರನೆನಿಸಿದವನೂ ಅವನೇ. ಆ ಚಿತ್ರವನ್ನು ಬಲ್ಯಪ್ಪ ಕತ್ತರಿಸಿಟ್ಟುಕೊಂಡದ್ದು ಅಪ್ಪಣೆಗೆ ಮೊದಲೋ, ಅನಂತರವೋ ನಾನು ಹೇಳಲಾರೆ. ಎಸೆದಿರಲಿಲ್ಲ ಎಂಬುದಂತೂ ನಿಜ.

ಆದರೆ ಹಸನ್ ಸರ್ದಾರ್ ದೂರದವನು. ಅವನನ್ನು ದ್ವೇಷಿಸುವುದೂ ಸುಲಭ, ಗುಟ್ಟಾಗಿ ಮೆಚ್ಚುವುದೂ ಸುಲಭ. ಎದುರು ತಂಡದ ವೀರನು ನಮ್ಮ ಮನೆಯ ಜಗಲಿಯಲ್ಲಿ ಕುಳಿತು ಕಡಂಬುಟ್ಟು ತಿಂದವನಾದರೆ ಏನು ಮಾಡಬೇಕು? ಈ ಪ್ರಶ್ನೆಯನ್ನು ಕೊಡಗಿನವರು 1997ರಿಂದ ಪ್ರತಿ ಬೇಸಿಗೆಯಲ್ಲಿಯೂ ಎದುರಿಸುತ್ತಾ ಬಂದಿದ್ದಾರೆ.

ಆ ವರ್ಷ ಪಾಂಡಂಡ ಕುಟ್ಟಪ್ಪನವರ ಯೋಚನೆಯಿಂದ ಕರಡ ಗ್ರಾಮದಲ್ಲಿ ಕೊಡವ ಕುಟುಂಬಗಳ ನಡುವಿನ ಹಾಕಿ ಪಂದ್ಯಾವಳಿ ಮೊದಲಾಯಿತು. ಆಗ ಸೇರಿದ್ದು 60 ತಂಡಗಳು. ಅಂದಿನಿಂದ ವರ್ಷಕ್ಕೊಂದು ಕುಟುಂಬ ಅದನ್ನು ನಡೆಸುವ ಹೊಣೆ ಹೊರುತ್ತದೆ. ಕಪ್ಪಿಗೂ ಆ ಕುಟುಂಬದ್ದೇ ಹೆಸರು. ಇಲ್ಲಿ ತಂಡವೆಂದರೆ ಊರಿನದಲ್ಲ, ಕ್ಲಬ್ಬಿನದಲ್ಲ, ಒಂದು ಒಕ್ಕದ್ದು. ಒಂದೇ ಮೂಲಪುರುಷನಿಂದ ಬಂದು, ಒಂದೇ ಐನ್‌ಮನೆಯ ದೀಪಕ್ಕೆ ಕೈಮುಗಿಯುವ ಮನೆತನವೇ ಒಕ್ಕ. ಹುಟ್ಟಿನಿಂದ ಬಂದ ಆ ಹೆಸರಿಲ್ಲದೆ ಎಂಥ ಶೂರನಿಗೂ ತಂಡದಲ್ಲಿ ಜಾಗವಿಲ್ಲ. ಹಣ ಕೊಟ್ಟು ಹೊರಗಿನವನನ್ನು ತರುವಂತೆಯೂ ಇಲ್ಲ. ಶಾಲೆಗೆ ಹೋಗುವ ಹುಡುಗನೂ ನರೆತ ಚಿಕ್ಕಪ್ಪನೂ ಒಂದೇ ಅಂಗಿ ತೊಟ್ಟು ಇಳಿಯುತ್ತಾರೆ. ಹೆಣ್ಣುಮಕ್ಕಳೂ ಗಂಡಸರ ಜೊತೆಗೇ ಆಡುತ್ತಾರೆ. ದೇಶದ ತಂಡಕ್ಕೆ ಆಡಿದವನೂ ಅಲ್ಲಿ ತನ್ನ ಒಕ್ಕದ ಒಬ್ಬ ಹುಡುಗನಷ್ಟೆ. 1973ರ ವಿಶ್ವಕಪ್ಪಿನಲ್ಲಿ ಭಾರತದ ನಾಯಕರಾಗಿದ್ದ ಗಣೇಶರು ನಮಗೆ ಮೊಳ್ಳೇರ ಗಣೇಶ್. ಗೋಲು ಕಾಯುತ್ತಿದ್ದ ಸುಬ್ಬಯ್ಯನವರು ಅಂಜಪರವಂಡ ಸುಬ್ಬಯ್ಯ. ದೇಶಕ್ಕೆ ಆಡುವಾಗ ಇಡೀ ಕೊಡಗಿಗೆ ಹೆಮ್ಮೆಯಾಗುವ ಆಟಗಾರ ಏಪ್ರಿಲ್ ತಿಂಗಳು ಬಂದೊಡನೆ ಒಂದು ಒಕ್ಕದವನಾಗಿ, ಮಿಕ್ಕ ಒಕ್ಕಗಳಿಗೆಲ್ಲ ಎದುರಾಳಿಯಾಗುತ್ತಾನೆ.

ತೊಡಕು ಇಷ್ಟೇ ಆಗಿದ್ದರೆ ಹೇಗೋ ಸಹಿಸಬಹುದಾಗಿತ್ತು. ಆದರೆ ನಮ್ಮಲ್ಲಿ ಒಂದೇ ಒಕ್ಕದೊಳಗೆ ಮದುವೆಯಿಲ್ಲ. ಹೆಣ್ಣನ್ನು ತರುವುದೂ ಕೊಡುವುದೂ ಬೇರೆ ಒಕ್ಕದೊಡನೆ. ಓದುಗರು ಇದನ್ನು ಸ್ವಲ್ಪ ಯೋಚಿಸಿ ನೋಡಬೇಕು. ಮೈದಾನದಲ್ಲಿ ನಮ್ಮೆದುರು ನಿಲ್ಲುವ ಪ್ರತಿಯೊಂದು ತಂಡವೂ ನಾವು ಹೆಣ್ಣು ತಂದ, ಕೊಟ್ಟ, ಇಲ್ಲವೆ ಮುಂದೆ ಎಂದಾದರೂ ಕೊಡಬಹುದಾದ ಮನೆತನವೇ ಆಗಿರುತ್ತದೆ. ನಮ್ಮ ತಂಡದ ಹುಡುಗರ ತಾಯಂದಿರೆಲ್ಲ ಎದುರು ಒಕ್ಕಗಳಿಂದ ಬಂದವರು. ನಮ್ಮ ಅಕ್ಕತಂಗಿಯರ ಮಕ್ಕಳೆಲ್ಲ ಎದುರು ಒಕ್ಕಗಳಿಗೆ ಸೇರಿದವರು. ಎದುರು ತಂಡವೆಂದರೆ ನೆಂಟರ ತಂಡವೆಂದೇ ಅರ್ಥ.

ಇನ್ನು ನನ್ನ ಕಥೆಯನ್ನು ಹೇಳುತ್ತೇನೆ. ಹೆಸರುಗಳನ್ನು ಬರೆಯುವುದಿಲ್ಲ, ಒಕ್ಕದ ಹೆಸರನ್ನು ಬರೆದರೆ ಸಾಕು, ಮನುಷ್ಯ ಯಾರೆಂಬುದು ಕೊಡಗಿನಲ್ಲಿ ಎಲ್ಲರಿಗೂ ಗೊತ್ತಾಗಿಬಿಡುತ್ತದೆ.

ನನ್ನ ತಂಗಿಯನ್ನು ಕೊಟ್ಟ ಒಕ್ಕ ನಮ್ಮ ಊರಿಗೆ ಎರಡು ಗುಡ್ಡಗಳಾಚೆ ಇದೆ. ಅವಳ ಮಗ ಚಿಕ್ಕಂದಿನಲ್ಲಿ ಶಾಲೆಯ ರಜೆಗೆಲ್ಲ ನಮ್ಮಲ್ಲಿಯೇ ಇರುತ್ತಿದ್ದನು. ಹುಟ್ಟಿದ ಗಂಡುಮಗುವಿನ ಕೈಗೆ ಹರಳುಗಿಡದ ಬಿಲ್ಲನ್ನು ಕೊಡುವ ಪದ್ಧತಿ ನಮ್ಮ ಹಿರಿಯರಲ್ಲಿತ್ತು. ನಾನು ನನ್ನ ಸೋದರಳಿಯನ ಕೈಗೆ ಕೊಟ್ಟದ್ದು ತುದಿ ಬಾಗಿದ ಒಂದು ಕೊಂಬೆ. ಕೊಯ್ಲು ಮುಗಿದು ಒಣಗಿದ ಗದ್ದೆಯಲ್ಲಿ ಅವನಿಗೆ ಒಂದು ವರಸೆಯನ್ನು ಕಲಿಸಿದೆ: ಎಡಕ್ಕೆ ಹೋಗುವವನಂತೆ ಭುಜವನ್ನು ಬಾಗಿಸಬೇಕು, ಎದುರಿನವನು ಆ ಕಡೆಗೆ ವಾಲಿದೊಡನೆ ಕೋಲನ್ನು ಮಗುಚಿ ಚೆಂಡನ್ನು ಬಲಕ್ಕೆ ಎಳೆದುಕೊಂಡು ಹೋಗಬೇಕು. ಬತ್ತದ ಕೂಳೆಗಳ ನಡುವೆ ಚೆಂಡು ಎತ್ತ ಪುಟಿಯುವುದೋ ತಿಳಿಯದು. ಅಲ್ಲಿ ಕಲಿತವನಿಗೆ ಸಮನಾದ ಮೈದಾನ ಒಂದು ಲೆಕ್ಕವೆ? ಏಳು ವರ್ಷದ ಆ ಹುಡುಗ ಒಂದೇ ರಜೆಯಲ್ಲಿ ನನ್ನನ್ನು ಮೀರಿಸಿಬಿಟ್ಟನು.

ಅದೇ ವರಸೆಯಿಂದ ಅವನು ಮುಂದೆ ನಮ್ಮ ಒಕ್ಕವನ್ನು ಎರಡು ಸಲ ಪಂದ್ಯಾವಳಿಯಿಂದ ಹೊರಗಟ್ಟಿದನು. ಸೋತವರು ಮನೆಗೆ ಹೋಗಬೇಕಾದ ಆಟವಿದು, ಎರಡನೆಯ ಅವಕಾಶವಿಲ್ಲ. ಮೊದಲನೆಯ ಸಲ ನಮ್ಮವರು ನಕ್ಕರು. ‘ತಾಯಿಯ ಮನೆಯವರಿಗೆ ಚೆನ್ನಾಗಿ ಉಡುಗೊರೆ ಕೊಟ್ಟ’ ಎಂದು ತಮಾಷೆ ಮಾಡಿದರು. ಎರಡನೆಯ ಸಲ ಯಾರೂ ನಗಲಿಲ್ಲ. ಪುತ್ತರಿಗೆ ಅವನು ಮನೆಗೆ ಬಂದಾಗ ನಮ್ಮ ಹುಡುಗರು ಅವನೊಡನೆ ಎಂದಿನಂತೆ ಮಾತನಾಡಲಿಲ್ಲ. ನಾನೋ ಅವನ ಬೆನ್ನು ತಟ್ಟಿದೆ. ತಟ್ಟುವಾಗ ನನ್ನ ಕೈ ಬೇಕಾದುದಕ್ಕಿಂತ ಸ್ವಲ್ಪ ಗಟ್ಟಿಯಾಗಿಯೇ ಬಿದ್ದಿತೆಂದು ಕಾಣುತ್ತದೆ. ‘ಏನು ಮಾವ, ಇನ್ನೂ ಕೋಪವೆ?’ ಎಂದನು.

2018ರ ಉತ್ಸವ ನಡೆದದ್ದು ನಾಪೋಕ್ಲುವಿನಲ್ಲಿ. ಆ ವೇಳೆಗೆ ತಂಡಗಳು ಮುನ್ನೂರನ್ನು ಮೀರಿದ್ದುವು. ನಮ್ಮ ದುರದೃಷ್ಟವೋ ಏನೋ, ಮೂರನೆಯ ಸಲವೂ ಅದೇ ಒಕ್ಕ ನಮಗೆ ಎದುರಾಯಿತು. ಬಿಸಿಲು ಜೋರಾಗಿತ್ತು, ಧ್ವನಿವರ್ಧಕದಲ್ಲಿ ಕೊಡವ ಭಾಷೆಯ ವೀಕ್ಷಕ ವಿವರಣೆ ಅದಕ್ಕಿಂತಲೂ ಜೋರಾಗಿತ್ತು. ಎರಡೂ ಕಡೆಗೆ ಒಂದೊಂದು ಗೋಲಾಗಿ, ಕೊನೆಯ ನಿಮಿಷಗಳು ಬಂದುವು. ಚೆಂಡು ಅವನಿಗೆ ಸಿಕ್ಕಿತು. ಅವನ ಎಡಭುಜ ಬಾಗಿದ್ದನ್ನು ಕಂಡೆ. ಮುಂದೆ ಏನಾಗುವುದೆಂದು ಆ ಜನಸ್ತೋಮದಲ್ಲಿ ನನ್ನಷ್ಟು ಚೆನ್ನಾಗಿ ಬಲ್ಲವರು ಯಾರಿದ್ದರು? ಕೋಲು ಮಗುಚಿತು. ಅಷ್ಟರಲ್ಲಿ ಅವನ ಕಾಲು ಜಾರಿ, ಮೊಣಕಾಲು ಒಳಕ್ಕೆ ತಿರುಚಿಕೊಂಡು, ಅವನು ನೆಲಕ್ಕೆ ಬಿದ್ದನು. ಬಿದ್ದವನು ಏಳಲಿಲ್ಲ.

ನಮ್ಮ ಗ್ಯಾಲರಿಯಲ್ಲಿ ಮೊದಲು ಒಂದು ನಿಟ್ಟುಸಿರು. ಅದರ ಹಿಂದೆಯೇ ಚಪ್ಪಾಳೆ. ಬಹಳವೇನಲ್ಲ, ಅಲ್ಲೊಂದು ಇಲ್ಲೊಂದು. ಅದರಲ್ಲಿ ಒಂದು ನನ್ನದು. ನನ್ನ ಎರಡು ಕೈಗಳು ನನ್ನನ್ನು ಕೇಳದೆಯೇ ಎರಡು ಬಾರಿ ತಟ್ಟಿದುವು. ತಂಗಿ ನಮಗಿಂತ ಮೂರು ಮೆಟ್ಟಿಲು ಕೆಳಗೆ, ತಾನು ಹುಟ್ಟಿದ ಒಕ್ಕದವರ ನಡುವೆಯೇ ಕುಳಿತಿದ್ದಳು. ಅವಳು ಹಿಂದಕ್ಕೆ ತಿರುಗಿ ನೋಡಿದಳು. ಆಗ ನನ್ನ ಕೈಗಳು ಇನ್ನೂ ಒಂದಕ್ಕೊಂದು ಅಂಟಿಕೊಂಡೇ ಇದ್ದುವು. ಅವಳು ಒಂದು ಮಾತನ್ನೂ ಆಡಲಿಲ್ಲ. ಎದ್ದು ಮೆಟ್ಟಿಲಿಳಿದು ಮಗನ ಬಳಿಗೆ ಹೋದಳು.

ಟೈಬ್ರೇಕರಿನಲ್ಲಿ ನಾವು ಗೆದ್ದೆವು. ವಾಲಗದವರು ಊದಿದರು. ನಮ್ಮ ಹುಡುಗರು ಕುಣಿದರು. ನಾನೂ ಕುಣಿದೆನೆಂಬುದನ್ನು ಇಲ್ಲಿ ಮುಚ್ಚಿಡುವುದಿಲ್ಲ. ಮೂರು ದಿನಗಳ ಮೇಲೆ ಅವನನ್ನು ನೋಡಲು ಹೋದೆ. ಕಾಲಿಗೆ ಕಟ್ಟು ಹಾಕಿಸಿಕೊಂಡು ಮಲಗಿದ್ದವನು, ‘ಮಾವ, ನಿಮ್ಮ ಹುಡುಗನ ತಪ್ಪೇನೂ ಇಲ್ಲ. ನನ್ನ ಕಾಲೇ ಜಾರಿತು. ಅವನಿಗೆ ಹೇಳಿ’ ಎಂದನು. ತಂಗಿ ಕಾಫಿ ತಂದುಕೊಟ್ಟಳು. ತೋಟಕ್ಕೆ ಹೂಮಳೆ ಚೆನ್ನಾಗಿ ಬಿದ್ದಿತೆ ಎಂದು ಕೇಳಿದಳು. ಬಿದ್ದಿದೆ ಎಂದೆ. ಅಷ್ಟೇ ಮಾತು.

ಆ ವರ್ಷದ ಆಗಸ್ಟಿನಲ್ಲಿ ಕೊಡಗಿನ ಮೇಲೆ ಬಂದ ಮಳೆಯನ್ನು ಯಾರೂ ಮರೆತಿರಲಾರರು. ಗುಡ್ಡಗಳು ಕುಸಿದುವು, ಮನೆ, ತೋಟ, ಗದ್ದೆಗಳು ಮಣ್ಣುಪಾಲಾದುವು, ಪ್ರಾಣಗಳೂ ಹೋದುವು. ಆ ದುಃಖದಲ್ಲಿ ಮರುವರ್ಷ ಪಂದ್ಯಾವಳಿ ನಡೆಯಲಿಲ್ಲ. ಅದರ ಬೆನ್ನಿಗೇ ಕೊರೋನಾ ಬಂದಿತು. 2018ರಲ್ಲಿ 22ನೆಯ ಉತ್ಸವ ನಡೆದ ಮೇಲೆ 23ನೆಯದು ನಡೆದದ್ದು 2023ರಲ್ಲಿ. ಮುದುಕನಿಗೆ ಐದು ವರ್ಷ ಏನೂ ಅಲ್ಲ. ಆಟಗಾರನಿಗೆ ಅದು ಅರ್ಧ ಆಯುಷ್ಯ. ಆ ವರ್ಷಗಳಲ್ಲಿ ಏಪ್ರಿಲ್ ಬಂದಾಗಲೆಲ್ಲ ನನಗೆ ನಮ್ಮ ಗೆಲುವು ನೆನಪಾಗುತ್ತಿರಲಿಲ್ಲ. ಆ ಕೊನೆಯ ನಿಮಿಷದಲ್ಲಿ ಅವನ ಕಾಲು ಜಾರದೆ ಇದ್ದಿದ್ದರೆ ಚೆಂಡು ಎಲ್ಲಿಗೆ ಹೋಗುತ್ತಿತ್ತು ಎಂಬುದೇ ಕಣ್ಣಿಗೆ ಕಟ್ಟುತ್ತಿತ್ತು. ನಮ್ಮ ಗೋಲಿನ ಬಲಮೂಲೆಗೆ, ಸಂದೇಹವಿಲ್ಲ. ಅದನ್ನು ನೋಡುವ ಭಾಗ್ಯ ತಪ್ಪಿಹೋಯಿತಲ್ಲ ಎಂದು ನನಗೆ ಅನ್ನಿಸಿದರೆ, ನಾನು ಯಾವ ಒಕ್ಕದವನು?

2023ರಲ್ಲಿ ಮತ್ತೆ ನಾಪೋಕ್ಲುವಿನಲ್ಲಿಯೇ ಉತ್ಸವ ನಡೆಯಿತು. ನಮ್ಮವರು ಮೊದಲ ಪಂದ್ಯದಲ್ಲಿಯೇ ಸೋತು, ಅಂಗಿ ಮಡಚಿ ಚೀಲಕ್ಕೆ ಹಾಕಿಕೊಂಡರು. ಅನಂತರ ತಂಗಿಯ ಒಕ್ಕದ ಆಟವಿದ್ದಿತು. ಮನೆಗೆ ಹೊರಟವನನ್ನು ಅವಳೇ ಕೂಗಿ ಕರೆದು ಪಕ್ಕದಲ್ಲಿ ಕುಳ್ಳಿರಿಸಿಕೊಂಡಳು. ಅಳಿಯ ಮೊದಲು ಆಟಕ್ಕೆ ಇಳಿಯಲೇ ಇಲ್ಲ. ಕೊನೆಯ ಹತ್ತು ನಿಮಿಷಕ್ಕೆ ಬಂದನು. ಮೈ ಸ್ವಲ್ಪ ತುಂಬಿತ್ತು. ಮೊಣಕಾಲಿಗೆ ಪಟ್ಟಿ ಕಟ್ಟಿದ್ದನು. ಓಟದಲ್ಲಿ ಹಿಂದಿನ ಬಿರುಸಿರಲಿಲ್ಲ. ಎರಡು ಸಲ ಚೆಂಡನ್ನು ಕಳೆದುಕೊಂಡನು. ಎದುರು ಕಡೆಯ ಚಿಕ್ಕ ಹುಡುಗರು ಅವನನ್ನು ಸುಲಭವಾಗಿ ದಾಟಿ ಹೋದರು. ನಾನು ತಲೆ ತಗ್ಗಿಸಿದೆ.

ತಲೆ ಎತ್ತಿದಾಗ ಅವನ ಎಡಭುಜ ಬಾಗುತ್ತಿತ್ತು. ಎದುರಿಗಿದ್ದ ಹುಡುಗ ಆ ಕಡೆಗೆ ವಾಲಿದನು. ಕೋಲು ಮಗುಚಿತು, ಚೆಂಡು ಬಲಕ್ಕೆ ಬಂದಿತು. ಅವನು ಓಡಲೂ ಇಲ್ಲ; ನಡೆದಂತೆಯೇ ಅವನನ್ನು ದಾಟಿದನು. ಗೋಲಾಗಲಿಲ್ಲ, ಚೆಂಡು ಕಂಬದಾಚೆ ಹೋಯಿತು. ಆದರೂ ನಾನು ಎದ್ದುನಿಂತು ಚಪ್ಪಾಳೆ ತಟ್ಟುತ್ತಿದ್ದೆ. ಆ ಗ್ಯಾಲರಿಯಲ್ಲಿ ಬೇರೆ ಯಾರೂ ಇನ್ನೂ ಶುರುಮಾಡಿರಲಿಲ್ಲ.

ತಂಗಿ ನನ್ನ ಕೈಗಳನ್ನು ನೋಡಿದಳು.

‘ನಿನ್ನ ಕೈ ಯಾವಾಗಲೂ ಎಲ್ಲರಿಗಿಂತ ಮೊದಲೇ ಬರುತ್ತದೆ, ಅಣ್ಣ’ ಎಂದಳು.

ಅದು ಕ್ಷಮೆಯೋ, ಚುಚ್ಚುಮಾತೋ ನನಗೆ ಇಂದಿಗೂ ಬಗೆಹರಿದಿಲ್ಲ, ಎರಡೂ ಇದ್ದಿರಬಹುದು. ಅವಳು ಹಾಗೆಂದು ಸ್ವಲ್ಪ ಸರಿದು ನನಗೆ ಕುಳಿತುಕೊಳ್ಳಲು ಜಾಗ ಮಾಡಿಕೊಟ್ಟಳು. ನಾನು ಕುಳಿತೆ.

ಎದುರು ತಂಡದ ವೀರನು ಬೀಳಲಿ ಎಂದು ಹಾರೈಸುವಾಗ ನಾವು ಕೇಳುವುದು ಏನನ್ನು ಎಂಬುದು ನಮಗೆ ಗೊತ್ತಿರುವುದಿಲ್ಲ. ಅವನು ಸೋಲಲಿ ಎನ್ನುವುದು ಒಂದು ಆಸೆ, ಇಲ್ಲವಾಗಲಿ ಎನ್ನುವುದು ಬೇರೊಂದು. ಮೈದಾನದ ಬಿಸಿಲಿನಲ್ಲಿ ಎರಡಕ್ಕೂ ಒಂದೇ ಚಪ್ಪಾಳೆ. ಮೊದಲನೆಯದು ಆಟದ ಧರ್ಮ. ಎರಡನೆಯದು ಕೈಗೂಡಿದ ದಿನ ಆಟವೇ ಬಡವಾಗುತ್ತದೆಂಬುದನ್ನು ನಾನು ಗೆದ್ದು ತಿಳಿದುಕೊಂಡೆ. ಬಲ್ಯಪ್ಪ ಸೋತಾಗಲೇ ತಿಳಿದಿದ್ದರೆಂದು ತೋರುತ್ತದೆ. ಇಲ್ಲದಿದ್ದರೆ ಎರಡು ಚಿತ್ರಗಳನ್ನು ಒಂದೇ ಲಕೋಟೆಯಲ್ಲಿ ಏಕೆ ಇಡುತ್ತಿದ್ದರು?

ಉತ್ಸವ ಈಗ ಬಹಳ ದೊಡ್ಡದಾಗಿದೆ. 2024ರಲ್ಲಿ ನಾಪೋಕ್ಲುವಿನಲ್ಲಿ ನಡೆದ ಕುಂಡ್ಯೋಳಂಡ ಕಪ್ಪಿಗೆ 360 ತಂಡಗಳು ಸೇರಿ ಗಿನ್ನೆಸ್ ದಾಖಲೆಯಾಯಿತು. 2025ರಲ್ಲಿ ಮಡಿಕೇರಿಯ ಮುದ್ದಂಡ ಕಪ್ಪಿಗೆ ಬಂದುವು 396. ಇಷ್ಟು ಒಕ್ಕಗಳ ನಡುವೆ ನಮ್ಮ ಎರಡು ಮನೆಗಳು ಮತ್ತೆ ಎದುರುಬದುರಾಗುವುದು ಸುಲಭವಲ್ಲ. ಆದರೂ ಪಂದ್ಯಗಳ ಪಟ್ಟಿ ಕೈಗೆ ಬಂದೊಡನೆ ನಾನು ಮೊದಲು ಹುಡುಕುವುದು ನಮ್ಮ ಹೆಸರಿನ ಎದುರಿಗೆ ಅವರ ಹೆಸರಿದೆಯೇ ಎಂದು. ಇದ್ದರೆ, ಆ ಮೊಣಕಾಲು ಇನ್ನೊಂದು ಬೇಸಿಗೆ ತಾಳಲಿ. ಅವನು ನಮ್ಮೆದುರಿಗೆ ಇಳಿಯಲಿ. ಎಡಭುಜ ಬಾಗಿಸಿ, ಕೋಲು ಮಗುಚಿ, ಅಂದು ಕಾಣದೆ ಹೋದ ಆ ಗೋಲನ್ನು ನಮ್ಮ ಬಲಮೂಲೆಗೇ ಹೊಡೆಯಲಿ.

ಒಂದು ಸಾಕು. ಎರಡು ಬೇಡ. ನಾನೂ ನಮ್ಮ ಒಕ್ಕದವನೇ ಅಲ್ಲವೆ?