ಪಡಸಾಲೆಯ ಚರ್ಮದ ಸೋಫಾ: ಅಲ್ಪ ವೆಚ್ಚದ ಆರೈಕೆ

ಒಂದು ಕಾಲಕ್ಕೆ ನಮ್ಮ ಮನೆಗಳ ಪಡಸಾಲೆಯಲ್ಲಿ ಹಾಸಿದ ಜಮಖಾನೆ, ಗೋಡೆಗೆ ಒರಗಿಸಿದ ಲೋಡು, ಹೆಚ್ಚೆಂದರೆ ಹಿರಿಯರಿಗಾಗಿ ಒಂದು ಆರಾಮ ಕುರ್ಚಿ ಇರುತ್ತಿದ್ದವು. ಇಂದು ಆ ಸ್ಥಳವನ್ನು ಸೋಫಾ ಆಕ್ರಮಿಸಿದೆ. ಅದರಲ್ಲಿಯೂ ಚರ್ಮದ ಸೋಫಾ ಎಂದರೆ ಮಧ್ಯಮ ವರ್ಗದ ಕುಟುಂಬಕ್ಕೆ ವರ್ಷಗಟ್ಟಲೆಯ ಉಳಿತಾಯದಿಂದಲೋ ತಿಂಗಳ ಕಂತಿನಿಂದಲೋ ಬಂದ ವಸ್ತು. ಕಂತು ತೀರುವ ಮೊದಲೇ ಅದು ಬಣ್ಣಗೆಟ್ಟು ಬಿರುಕು ಬಿಟ್ಟರೆ ಆಗುವ ನಷ್ಟ ಸಣ್ಣದಲ್ಲ. ಆದರೆ ಇಂಥ ಸೋಫಾಗಳು ಅಲಕ್ಷ್ಯದಿಂದ ಕೆಡುವಷ್ಟೇ ಅತಿಯಾದ ಉಪಚಾರದಿಂದಲೂ ಕೆಡುತ್ತವೆ ಎಂಬುದನ್ನು ನಮ್ಮ ಗೃಹಿಣಿಯರು ಮೊದಲು ಮನಗಾಣಬೇಕು. ನಿಂಬೆಹಣ್ಣು, ವಿನೆಗರ್, ಅಡುಗೆ ಸೋಡಾ, ಕೊಬ್ಬರಿ ಎಣ್ಣೆ, ಹಲ್ಲುಜ್ಜುವ ಪೇಸ್ಟ್ ಎಂದು ನೆರೆಹೊರೆಯವರು ಹೇಳುವ ಪಟ್ಟಿ ದೊಡ್ಡದು. ನಿಜವಾಗಿ ಬೇಕಾದ ಸಾಮಗ್ರಿ ಬಹಳ ಕಡಿಮೆ.

ಮನೆಯಲ್ಲಿರುವುದು ಚರ್ಮವೇ ಹೌದೆ ಎಂಬುದನ್ನು ಮೊದಲು ತಿಳಿದುಕೊಳ್ಳುವುದು ಒಳಿತು. ಕೂರುವ ಭಾಗಕ್ಕೆ ಮಾತ್ರ ಚರ್ಮ, ಬೆನ್ನಿನ ಹಿಂಬದಿಗೂ ಪಕ್ಕಗಳಿಗೂ ಅದೇ ಬಣ್ಣದ ರೆಕ್ಸಿನ್ ಹೊದಿಸಿದ ಸೋಫಾಗಳೇ ಅಂಗಡಿಗಳಲ್ಲಿ ಬೇಕಾದಷ್ಟಿವೆ. ಸೋಫಾದ ಅಡಿಭಾಗದಲ್ಲಿ ಹೊದಿಕೆಯ ಕತ್ತರಿಸಿದ ಅಂಚು ಕಂಡರೆ ಪರೀಕ್ಷಿಸಬಹುದು. ಚರ್ಮವಾದರೆ ಒಳಮೈಯಲ್ಲಿ ನವಿರಾದ ನಾರು ಕಾಣುತ್ತದೆ, ರೆಕ್ಸಿನ್ ಆದರೆ ನೇಯ್ದ ಬಟ್ಟೆ ಕಾಣುತ್ತದೆ. ಚರ್ಮದ ಚೂರುಗಳನ್ನು ಪುಡಿಮಾಡಿ, ಪ್ಲಾಸ್ಟಿಕ್ ಅಂಟಿನೊಡನೆ ಹಾಳೆಯಾಗಿ ಒತ್ತಿದ ಬಾಂಡೆಡ್ ಲೆದರ್ ಎಂಬ ಮೂರನೆಯ ಬಗೆಯೂ ಉಂಟು. ತೇವದ ಹವೆಯಲ್ಲಿ ಇದರ ಮೇಲ್ಪದರ ಕೆಲವೇ ವರ್ಷಗಳಲ್ಲಿ ಸಿಪ್ಪೆಯಂತೆ ಏಳತೊಡಗುತ್ತದೆ. ಹಾಗೆ ಎದ್ದ ಪದರವನ್ನು ಯಾವ ಎಣ್ಣೆಯೂ ಯಾವ ಲೇಪವೂ ಮತ್ತೆ ಕೂರಿಸಲಾರದು. ಅದಕ್ಕೆ ಹಣ ಸುರಿಯುವ ಬದಲು ದಪ್ಪ ಹತ್ತಿಯ ಹೊದಿಕೆ ಹೊಲಿಸುವುದೇ ಜಾಣತನ.

ನಿಜವಾದ ಚರ್ಮದಲ್ಲಿಯೂ ಎರಡು ಸ್ವಭಾವಗಳಿವೆ. ಕಾಣದ ಮೂಲೆಯೊಂದರಲ್ಲಿ ಒಂದು ಹನಿ ನೀರಿಟ್ಟು ನೋಡಬೇಕು. ಹನಿ ಹಾಗೆಯೇ ನಿಂತರೆ ಚರ್ಮದ ಮೇಲೆ ಬಣ್ಣದ ರಕ್ಷಾಪದರವಿದೆ ಎಂದರ್ಥ. ಮನೆಬಳಕೆಯ ಸೋಫಾಗಳಲ್ಲಿ ಇದೇ ಹೆಚ್ಚು. ಹನಿ ಇಂಗಿ ಸ್ಥಳ ಕಪ್ಪಾದರೆ ಅದು ಲೇಪವಿಲ್ಲದ ಚರ್ಮ. ನೋಟಕ್ಕೆ ಬಲು ಸೊಗಸು, ಆದರೆ ಕಲೆಯನ್ನು ಬೇಗನೆ ಹೀರುತ್ತದೆ. ಅದಕ್ಕೆ ಒಣಬಟ್ಟೆಯ ಒರೆತವೇ ನಿತ್ಯದ ಆರೈಕೆ; ದೊಡ್ಡ ಕಲೆಗಳ ವಿಷಯದಲ್ಲಿ ಮನೆಮದ್ದು ಬೇಡ.

ಚರ್ಮಕ್ಕೆ ಎಣ್ಣೆ ತಿಕ್ಕಬೇಕೆಂಬ ಸಲಹೆ ಎಲ್ಲಿಂದ ಬಂತು? ಅದು ಮೂಢನಂಬಿಕೆಯಲ್ಲ. ನಮ್ಮ ಹಿರಿಯರು ಬಳಸುತ್ತಿದ್ದ ಮೆಟ್ಟು, ಬಾವಿಯಿಂದ ನೀರೆತ್ತುವ ಕಪಿಲೆಯ ಚರ್ಮದ ಚೀಲ ಇವೆಲ್ಲ ತಂಗಡಿಯ ತೊಗಟೆ, ಅಳಲೆಕಾಯಿ ಮುಂತಾದವುಗಳಿಂದ ಹದಗೊಳಿಸಿದ, ಮೇಲೆ ಯಾವ ಲೇಪವೂ ಇಲ್ಲದ ಚರ್ಮ. ಅದು ಎಣ್ಣೆಯನ್ನು ಕುಡಿದು ಮೃದುವಾಗುತ್ತಿತ್ತು. 2019ರಲ್ಲಿ ಭೌಗೋಳಿಕ ಗುರುತು ಪಡೆದ ಕೊಲ್ಹಾಪುರಿ ಚಪ್ಪಲಿಯ ಸೀಮೆಯಲ್ಲಿ ನಮ್ಮ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳೂ ಸೇರಿವೆ. ಅವುಗಳ ಚರ್ಮದ ಹದವೂ ಇದೇ ಬಗೆಯದು. ಸೋಫಾದ ಚರ್ಮವಾದರೋ ಬಹುತೇಕ ಕ್ರೋಮಿಯಂ ಲವಣಗಳಿಂದ ಹದಗೊಂಡು, ಮೇಲೆ ಬಣ್ಣದ ಪದರ ಹೊತ್ತು ಬರುತ್ತದೆ. ಇದರ ಮೇಲೆ ಕೊಬ್ಬರಿ ಎಣ್ಣೆ ಹಚ್ಚಿದರೆ ಒಳಗಿಳಿಯದೆ ಮೇಲೆಯೇ ಜಿಡ್ಡಾಗಿ ನಿಂತು ಧೂಳನ್ನು ಹಿಡಿಯುತ್ತದೆ, ದಿನ ಕಳೆದಂತೆ ಕಮಟು ವಾಸನೆ ಬೀರುತ್ತದೆ. ಮೆಟ್ಟಿಗೆ ಹಿತವಾದದ್ದು ಸೋಫಾಕ್ಕೆ ಅಹಿತ.

ಸಾಬೂನಿನ ಕಥೆಯೂ ಹೀಗೆಯೇ. ಹದಗೊಂಡ ಚರ್ಮ ತುಸು ಆಮ್ಲಗುಣದ್ದು, ಬಟ್ಟೆ ತೊಳೆಯುವ ಸಾಬೂನು ಕ್ಷಾರಗುಣದ್ದು. ಇವೆರಡರ ನಿತ್ಯ ಸಹವಾಸದಿಂದ ಚರ್ಮದ ಹದ ಕೆಟ್ಟು ಅದು ಬಿರುಸಾಗುತ್ತದೆ. ಹಾಗಾದರೆ ತೊಳೆಯುವುದು ಯಾವುದರಿಂದ? ಒಂದು ಲೀಟರು ಉಗುರುಬೆಚ್ಚನೆಯ ನೀರಿಗೆ ಶಿಶುಗಳ ತಲೆಗೆ ಹಾಕುವ ಶಾಂಪೂ ಒಂದು ಚಮಚ ಸಾಕು. ಹಳೆಯ ಪಂಚೆಯ ಎರಡು ತುಂಡುಗಳಿರಲಿ. ತೊಳೆದು ತೊಳೆದು ಮೆತ್ತಗಾದ ಪಂಚೆಗಿಂತ ಒಳ್ಳೆಯ ಬಟ್ಟೆಯನ್ನು ಅಂಗಡಿಯಿಂದ ತರಬೇಕಾಗಿಲ್ಲ. ಮೊದಲು ಮೃದುವಾದ ಬ್ರಷ್‌ನಿಂದ ಹೊಲಿಗೆಯ ಸಂದುಗಳ ಧೂಳನ್ನು ತೆಗೆಯಬೇಕು. ಧೂಳಿದ್ದಾಗಲೇ ಒದ್ದೆ ಬಟ್ಟೆ ಆಡಿಸಿದರೆ ಅದು ಮರಳುಕಾಗದದಂತೆ ಪದರವನ್ನು ಗೀಚುತ್ತದೆ. ಅನಂತರ ಒಂದು ತುಂಡನ್ನು ಅದ್ದಿ, ನೀರು ತೊಟ್ಟಿಕ್ಕದಂತೆ ಚೆನ್ನಾಗಿ ಹಿಂಡಿ, ಹಗುರವಾಗಿ ಒರೆಸಬೇಕು. ಶಾಂಪೂವಿನ ಅಂಶ ಉಳಿಯದಂತೆ ಬರಿಯ ನೀರಿನ ಬಟ್ಟೆಯಿಂದ ಇನ್ನೊಮ್ಮೆ ಒರೆಸಿ, ಒಣಬಟ್ಟೆಯಿಂದ ತೇವ ತೆಗೆದು, ಫ್ಯಾನಿನ ಗಾಳಿಗೆ ಬಿಡಬೇಕು. ಬಿಸಿಲಿಗೆ ಇಡಬಾರದು. ವಾರಕ್ಕೊಮ್ಮೆ ಧೂಳು, ಎರಡು ಮೂರು ತಿಂಗಳಿಗೊಮ್ಮೆ ಈ ಒರೆತ, ಇಷ್ಟೇ ನಿಯಮ.

ನಮ್ಮ ಮನೆಗಳಿಗೇ ವಿಶಿಷ್ಟವಾದ ಒಂದು ಕಲೆಯಿದೆ. ಪೂಜೆ ಮುಗಿಸಿ ವಿಭೂತಿ ಧರಿಸಿ ಬಂದವರು ಸೋಫಾದಲ್ಲಿ ಕುಳಿತು ತೋಳುಗಳನ್ನು ಚಾಚಿದಾಗ ಭಸ್ಮ ಅಲ್ಲಿಗೆ ಹತ್ತುತ್ತದೆ. ಬೂದಿಯ ಗುಣ ಕ್ಷಾರ. ಕಣಗಳು ನುಣುಪಾಗಿ ಕಂಡರೂ ಉಜ್ಜಿದರೆ ಗೀಚುವಂಥವು. ಗಾಢ ಬಣ್ಣದ ಚರ್ಮದ ಮೇಲೆ ಬಿಳಿಯ ಗುರುತು ಕಂಡೊಡನೆ ಒದ್ದೆ ಬಟ್ಟೆಯಿಂದ ಉಜ್ಜುವುದು ಸಾಮಾನ್ಯ ಅಭ್ಯಾಸ. ಹಾಗೆ ಮಾಡಿದರೆ ಭಸ್ಮ ಕೆಸರಾಗಿ ಚರ್ಮದ ಗೆರೆಗಳಲ್ಲಿಯೂ ಹೊಲಿಗೆಯಲ್ಲಿಯೂ ಕೂರುತ್ತದೆ. ಒಣ ಬ್ರಷ್‌ನಿಂದ ಕೊಡವಿದ ಮೇಲೆಯೇ ಒರೆಸಬೇಕು. ವಿಭೂತಿ ಒಣಗುವವರೆಗೆ ಒಂದೆರಡು ನಿಮಿಷ ತಾಳಿ ಕುಳಿತರೆ ಈ ತೊಂದರೆಯೇ ಅರ್ಧ ತಗ್ಗುತ್ತದೆ.

ತಲೆ ಒರಗುವ ಸ್ಥಳದಲ್ಲಿ ಕಪ್ಪಾಗುವುದು ಕೂದಲಿನ ಎಣ್ಣೆಯಿಂದ. ಹತ್ತೊಂಬತ್ತನೆಯ ಶತಮಾನದಲ್ಲಿ ಇಂಗ್ಲೆಂಡಿನ ಗಂಡಸರು ತಲೆಗೆ ಮಕ್ಯಾಸರ್ ಎಂಬ ಎಣ್ಣೆ ಹಚ್ಚುತ್ತಿದ್ದ ಕಾರಣ ಅಲ್ಲಿಯ ಗೃಹಿಣಿಯರು ಕುರ್ಚಿಯ ಬೆನ್ನಿಗೆ ಕಸೂತಿಯ ತುಂಡುಬಟ್ಟೆ ಹೊದಿಸತೊಡಗಿದರು. ಆ ಬಟ್ಟೆಗೆ ಆ್ಯಂಟಿಮಕ್ಯಾಸರ್ ಎಂಬ ಹೆಸರೇ ಬಂತು. ತೊಳೆಯಬಹುದಾದ ಅಂಥ ಬಟ್ಟೆ ನಮಗೂ ಉಚಿತವೇ. ಎಣ್ಣೆ ಈಗಾಗಲೇ ಹತ್ತಿದ್ದರೆ ಸೀಮೆಸುಣ್ಣದ ಪುಡಿಯನ್ನೋ ಮೆಕ್ಕೆಜೋಳದ ನುಣುಪು ಹಿಟ್ಟನ್ನೋ ಮೇಲೆ ಉದುರಿಸಿ, ಉಜ್ಜದೆ, ರಾತ್ರಿಯೆಲ್ಲ ಬಿಟ್ಟು ಬೆಳಗ್ಗೆ ಕೊಡವಬೇಕು. ಹಳೆಯ ಕಲೆ ಪೂರ್ತಿ ಹೋಗುವುದೆಂಬ ಭರವಸೆ ಬೇಡ. ಮಕ್ಕಳ ಬಾಲ್‌ಪೆನ್ನಿನ ಗೀಟಿಗೆ ಸ್ಪಿರಿಟ್ ಅಥವಾ ಉಗುರುಬಣ್ಣ ತೆಗೆಯುವ ದ್ರವ ಹಚ್ಚಿದರೆ ಗೀಟಿನೊಡನೆ ಚರ್ಮದ ಬಣ್ಣವೂ ಏಳುತ್ತದೆ. ಆಮೇಲೆ ಗೀಟೇ ಮೇಲಾಗಿತ್ತೆನಿಸುವುದು ಖಂಡಿತ.

ಮಲೆನಾಡು ಮತ್ತು ಕರಾವಳಿಯ ಬಂಧುಗಳಿಗೆ ಮಳೆಗಾಲದ ಬೂಷ್ಟಿನ ಚಿಂತೆ. ಹೊಸ ಸೋಫಾದ ಪ್ಲಾಸ್ಟಿಕ್ ಹೊದಿಕೆಯನ್ನು ಕಾಪಾಡಲೆಂದು ಹಾಗೆಯೇ ಉಳಿಸಿಕೊಳ್ಳುವವರು ಅದರೊಳಗೆ ಬೂಷ್ಟನ್ನೇ ಸಾಕುತ್ತಾರೆ. ಪ್ಲಾಸ್ಟಿಕ್ ತೆಗೆದು ಹತ್ತಿಯ ಬಟ್ಟೆ ಹೊದಿಸಿ, ಗೋಡೆಯಿಂದ ಒಂದು ಗೇಣು ದೂರವಿಟ್ಟು, ಗಾಳಿಯಾಡುವಂತೆ ಮಾಡಬೇಕು. ಬೂಷ್ಟು ಬಂದಲ್ಲಿ ಮಳೆಯಿಲ್ಲದ ಹೊತ್ತು ನೋಡಿ ಸಾಧ್ಯವಾದರೆ ಹೊರಗೆ ತಂದು ಒಣಬಟ್ಟೆಯಿಂದ ಒರೆಸಬೇಕು. ಒಳಗೇ ಕೊಡವಿದರೆ ಅದರ ಬೀಜಕಣಗಳು ಮನೆಯೆಲ್ಲ ಹರಡುತ್ತವೆ.

ಕಂಡೀಷನರ್ ಎಂಬ ಲೇಪವನ್ನು ವರ್ಷಕ್ಕೆ ಒಂದೆರಡು ಬಾರಿ ತೆಳುವಾಗಿ ಹಚ್ಚುವುದರಲ್ಲಿ ತಪ್ಪಿಲ್ಲ. ಒಂದು ಚಿಕ್ಕ ಡಬ್ಬಿ ಬಹುಕಾಲ ಬರುತ್ತದೆ. ಕೆಲವು ಲೇಪಗಳಲ್ಲಿ ದನದ ಕಾಲಿನ ಮೂಳೆಯಿಂದ ತೆಗೆದ ಕೊಬ್ಬು ಇರುತ್ತದೆಂಬುದನ್ನು ಸಸ್ಯಾಹಾರಿ ಮನೆಯವರು ತಿಳಿದಿರಲಿ. ಚರ್ಮದ ಮೇಲೆಯೇ ಕುಳಿತವರಿಗೆ ಲೇಪದ ಮಡಿ ಏಕೆಂದು ಕೇಳುವವರೂ ಇದ್ದಾರೆ. ಆ ಪ್ರಶ್ನೆಯನ್ನು ಸುಲಭವಾಗಿ ತಳ್ಳಿಹಾಕಲಾಗದು. ಮನಸ್ಸು ಒಪ್ಪದವರು ಸೋಫಾ ಕೊಳ್ಳುವ ಮುನ್ನವೇ ಬಟ್ಟೆಯ ಹೊದಿಕೆಯದನ್ನು ಆರಿಸುವುದು ಮೇಲು.

ಹೊಲಿಗೆ ಬಿಚ್ಚಿದಾಗ ಸೋಫಾ ಅಂಗಡಿಯವರು ಇಡೀ ಹೊದಿಕೆ ಬದಲಿಸಿರೆಂದು ದೊಡ್ಡ ಮೊತ್ತ ಹೇಳುವುದುಂಟು. ಬೀದಿಯ ತಿರುವಿನಲ್ಲಿ ಕುಳಿತು ಪಾದರಕ್ಷೆ ಹೊಲಿಯುವವರಲ್ಲಿ ದಪ್ಪ ಸೂಜಿ, ಮೇಣ ಸವರಿದ ದಾರ, ಚರ್ಮದ ಮರ್ಮ ಬಲ್ಲ ಬೆರಳು ಎಲ್ಲವೂ ಇವೆ. ಸಣ್ಣ ಹೊಲಿಗೆಯ ದುರಸ್ತಿ ಅವರಿಂದ ಅಲ್ಪ ವೆಚ್ಚದಲ್ಲಿ ಆಗುತ್ತದೆ. ಆದರೆ ಅವರನ್ನು ಕರೆಸಿದಾಗ ದಿಂಬನ್ನು ಹೊರಗಿನ ಕಟ್ಟೆಯ ಮೇಲಿಟ್ಟು, ಅಲ್ಲಿಯೇ ಕೂರಿಸಿ ಕೆಲಸ ಮಾಡಿಸುವ ಮನೆಗಳು ಇಂದಿಗೂ ಇವೆ. ಮಾದಾರ ಚೆನ್ನಯ್ಯ, ಡೋಹರ ಕಕ್ಕಯ್ಯ, ಸಮಗಾರ ಹರಳಯ್ಯ ಇವರ ಹೆಸರುಗಳನ್ನು ಶರಣರ ಸಾಲಿನಲ್ಲಿ ನಿತ್ಯ ಸ್ಮರಿಸುವವರು ನಾವು. ಹರಳಯ್ಯ–ಕಲ್ಯಾಣಮ್ಮ ದಂಪತಿಗಳು ತಮ್ಮ ತೊಡೆಯ ಚರ್ಮದಿಂದಲೇ ಮೆಟ್ಟು ಮಾಡಿ ತಂದಾಗ ಬಸವಣ್ಣನವರು ಅವುಗಳನ್ನು ಕಾಲಿಗೆ ಮೆಡದೆ ತಲೆಯ ಮೇಲಿಟ್ಟುಕೊಂಡರೆಂಬ ಕಥೆಯನ್ನು ಮಕ್ಕಳಿಗೆ ಹೇಳುತ್ತೇವೆ. ಚರ್ಮ ಪಡಸಾಲೆಯ ನಡುವೆ, ಚರ್ಮದ ಕಾಯಕದವರು ಹೊಸ್ತಿಲ ಹೊರಗೆ ಎಂದರೆ ಕೇಳುತ್ತಿರುವ ಮಕ್ಕಳು ಏನು ತಿಳಿದುಕೊಳ್ಳಬೇಕು? ಒಳಗೆ ಕರೆದು, ಫ್ಯಾನು ಹಾಕಿ, ನೀರು ಚಹ ಕೊಟ್ಟು, ಕೇಳಿದ ಕೂಲಿಯನ್ನು ಚೌಕಾಸಿಯಿಲ್ಲದೆ ಕೊಡಬೇಕು. ಅಂಗಡಿಯವರು ಹೇಳಿದ ಮೊತ್ತದ ಮುಂದೆ ಅದು ಎಷ್ಟರದು!

ಹೊಸದಾಗಿ ಕೊಳ್ಳುವವರು ಅದೇ ಚರ್ಮದ ಅಂಗೈಯಗಲದ ತುಂಡೊಂದನ್ನು ಅಂಗಡಿಯವರಿಂದ ಕೇಳಿ ಪಡೆದು, ರಸೀತಿಯೊಡನೆ ಜೋಪಾನವಾಗಿ ಇಡಬೇಕು. ಮುಂದೆ ತೇಪೆ ಹಾಕಿಸಲು, ಬಣ್ಣ ಹೋಲಿಸಲು, ಹೊಸ ಲೇಪವನ್ನು ಮೊದಲು ಪರೀಕ್ಷಿಸಿ ನೋಡಲು ಆ ತುಂಡು ಒದಗುತ್ತದೆ.