ಕರೆಂಟ್ ಕೊಟ್ಟರೆ ಬೆನ್ನು ನೆಟ್ಟಗಾದೀತೇ?

ಪ್ರಶ್ನೆ: ಇಎಂಎಸ್ ಜಾಕೆಟ್ ತೊಟ್ಟು ವ್ಯಾಯಾಮ ಮಾಡಿದರೆ ಬೆನ್ನುನೋವು ಹೋಗಿ, ಬಾಗಿದ ಬೆನ್ನು ನೆಟ್ಟಗಾಗುತ್ತದಂತೆ. ನಿಜವೇ?

ಉತ್ತರ: ಅರ್ಧ ನಿಜ.

ಸ್ನಾಯು ಬಿಗಿಯುವುದು ನರ ತರುವ ವಿದ್ಯುತ್ ಸಂಕೇತದಿಂದ. ಇಎಂಎಸ್‌ನಲ್ಲಿ, ಅಂದರೆ ವಿದ್ಯುತ್ತಿನಿಂದ ಸ್ನಾಯುವನ್ನು ಪ್ರಚೋದಿಸುವ ವಿಧಾನದಲ್ಲಿ, ಆ ಸಂಕೇತ ಹೊರಗಿನಿಂದ ಬರುತ್ತದೆ. ಒದ್ದೆ ಮಾಡಿದ ಎಲೆಕ್ಟ್ರೋಡ್ ಪಟ್ಟಿಗಳು ಬೆನ್ನು, ಹೊಟ್ಟೆ, ತೊಡೆಗೆ ಅಂಟಿಕೊಂಡಂತೆ ಕೂರುತ್ತವೆ. ನಾಲ್ಕಾರು ಸೆಕೆಂಡ್ ಮೈಯೆಲ್ಲ ಜುಮ್ಮೆಂದು ಸ್ನಾಯು ಸೆಟೆಯುತ್ತದೆ, ಆಮೇಲೆ ನಾಲ್ಕು ಸೆಕೆಂಡ್ ಬಿಡುವು. ಸಾಮಾನ್ಯವಾಗಿ ಸೆಕೆಂಡಿಗೆ 85 ವಿದ್ಯುತ್ ಮಿಡಿತ, ಒಂದು ಸಲಕ್ಕೆ ಸುಮಾರು 20 ನಿಮಿಷ.

ಜರ್ಮನಿಯ ಎರ್ಲಾಂಗೆನ್ ಸಂಶೋಧಕರು 2019ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, 12 ವಾರಗಳ ಇಎಂಎಸ್ ಹಳೆಯ ಸೊಂಟನೋವನ್ನು ತಗ್ಗಿಸಿತು. ಆದರೆ ಬೆನ್ನು ಬಲಪಡಿಸುವ ಮಾಮೂಲಿ ವ್ಯಾಯಾಮವೂ ಹೆಚ್ಚುಕಡಿಮೆ ಅಷ್ಟೇ ತಗ್ಗಿಸಿತು! ಇಎಂಎಸ್‌ನಿಂದ ಉಳಿತಾಯವಾದದ್ದು ಸಮಯ ಮಾತ್ರ.

ಭಂಗಿಯ ಮಾತು ಬೇರೆ. ಬೆನ್ನಿನ ಸ್ನಾಯುಗಳಿಗೆ ಬಲ ಬಂದರೆ ನೆಟ್ಟಗೆ ಕೂರುವುದು ಸುಲಭ, ನಿಜ. ಆದರೆ ದಿನವಿಡೀ ಲ್ಯಾಪ್‌ಟಾಪಿನ ಮೇಲೆ ಬಗ್ಗಿ ಕೂರುವ ಚಾಳಿಯನ್ನು ಯಂತ್ರ ಬಿಡಿಸದು.

ಪೇಸ್‌ಮೇಕರ್ ಇದ್ದವರಿಗೆ, ಗರ್ಭಿಣಿಯರಿಗೆ, ಮೂರ್ಛೆರೋಗಿಗಳಿಗೆ ಇಎಂಎಸ್ ಸಲ್ಲದು. ಮೊದಲ ದಿನವೇ ಕರೆಂಟ್ ಜೋರಾದರೆ ಸ್ನಾಯುತಂತು ಒಡೆದು ಮೂತ್ರಪಿಂಡಕ್ಕೆ ಪೆಟ್ಟು ಬೀಳಬಹುದು. ವ್ಯಾಯಾಮದ ನಂತರ ಮೂತ್ರ ಡಿಕಾಕ್ಷನ್ ಬಣ್ಣಕ್ಕೆ ತಿರುಗಿದರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು.